ಸ್ವಯಂ ನಿವೃತ್ತಿಗೆ ಸಹಿ ಹಾಕುವ ಮುಂಚೆ ಯಾರಾದ್ರೂ ಹೇಳಬೇಕಿತ್ತು

ನಾನಿರುವುದು ಅಮೆರಿಕದ ಮೇರಿಲ್ಯಾಂಡ್‌ನಲ್ಲಿ. ವಾಷಿಂಗ್ಟನ್ ಹತ್ತಿರವೇ ಇರುವುದರಿಂದ ಸೈನ್ಯ ಬಿಟ್ಟು ಸರ್ಕಾರಿ ಕೆಲಸ ಹಿಡಿದವರು ಇಲ್ಲಿ ಬೀದಿಗೊಬ್ಬರು ಸಿಗುತ್ತಾರೆ. ನಮ್ಮ ಪಕ್ಕದ ಮನೆಯವರು ಇರಾಕಿನಲ್ಲಿದ್ದು ಬಂದವರು. ಬೆನ್ನು, ಮೊಣಕಾಲು, ಕಿವಿ ಮೂರೂ ಹಾಳಾಗಿವೆ. ಒಂದು ಫೆಡರಲ್, ಅಂದರೆ ಇಲ್ಲಿನ ಕೇಂದ್ರ ಸರ್ಕಾರದ, ಕಚೇರಿಯ ಉಗ್ರಾಣದಲ್ಲಿ ಕೆಲಸ ಮಾಡುತ್ತಿದ್ದರು. ಮಾಜಿ ಸೈನಿಕರ ಇಲಾಖೆಯಾದ ವಿ.ಎ. ಅವರ ಅಂಗವೈಕಲ್ಯವನ್ನು ಶೇ 70 ಎಂದು ಗುರುತಿಸಿದೆ. ತಿಂಗಳಿಗೊಮ್ಮೆ ಪರಿಹಾರವೂ ಬರುತ್ತಿತ್ತು, ಸಂಬಳವೂ ಬರುತ್ತಿತ್ತು. ಒಂದಕ್ಕೊಂದು ಅಡ್ಡಿಯಿಲ್ಲ.

ಇಲ್ಲಿ ಶೇ 10ರಿಂದ ಶೇ 100ರವರೆಗೆ ಹತ್ತತ್ತರ ಲೆಕ್ಕ. 2025ರ ದರದಲ್ಲಿ, ಹೆಂಡತಿ ಮಕ್ಕಳಿಲ್ಲದ ಒಂಟಿ ಸೈನಿಕನಿಗೆ ಶೇ 10ಕ್ಕೆ ತಿಂಗಳಿಗೆ ಸುಮಾರು 175 ಡಾಲರ್, ಶೇ 100ಕ್ಕೆ 3,831 ಡಾಲರ್. ತೆರಿಗೆ ಇಲ್ಲ. ಶೇ 30 ಅಥವಾ ಅದಕ್ಕಿಂತ ಜಾಸ್ತಿ ಇದ್ದವರು ಹೊಸದಾಗಿ ಫೆಡರಲ್ ಕೆಲಸಕ್ಕೆ ಸೇರಿದರೆ, ಮೊದಲ ವರ್ಷ ಆ ತೊಂದರೆಯ ಚಿಕಿತ್ಸೆಗೆಂದೇ 104 ಗಂಟೆಯವರೆಗೆ ಪ್ರತ್ಯೇಕ ರಜೆ ಸಿಗುತ್ತದೆ. 2015ರಲ್ಲಿ ಮಾಡಿದ ಕಾನೂನು ಅದು. ಹೊಸಬರಿಗೆ ಕೂಡಿಟ್ಟ ರಜೆ ಇರುವುದಿಲ್ಲ, ಆಸ್ಪತ್ರೆ ಓಡಾಟ ಮಾತ್ರ ಇದ್ದೇ ಇರುತ್ತದೆ ಅಲ್ವಾ. ಅದನ್ನು ಯೋಚಿಸಿ ಮಾಡಿದ್ದಾರೆ.

ಇತ್ತೀಚೆಗೆ ಅವರ ಬೆನ್ನು ಪೂರ್ತಿ ಕೈಕೊಟ್ಟಿತು. ವೈದ್ಯಕೀಯ ನಿವೃತ್ತಿಗೆ ಅರ್ಜಿ ಹಾಕುವಾಗ ಆ ಕಾಗದಗಳನ್ನು ಅವರ ಊಟದ ಮೇಜಿನ ಮೇಲೆ ಹರಡಿಕೊಂಡು ಇಬ್ಬರೂ ಕೂತು ಓದಿದೆವು. ಒಂದು ಭಾಗ ಅವರು ತಾವೇ ಬರೆಯಬೇಕು, ಒಂದು ಮೇಲಧಿಕಾರಿ ಬರೆಯಬೇಕು, ಒಂದು ವೈದ್ಯರು. ಕಾಯಿಲೆಯ ಹೆಸರಷ್ಟೇ ಬರೆದರೆ ಸಾಲದು. ಯಾವ ಕೆಲಸ ಆಗುತ್ತಿಲ್ಲ, ಯಾಕೆ ಆಗುತ್ತಿಲ್ಲ ಅಂತ ಬಿಡಿಸಿ ಹೇಳಬೇಕು. ಇಷ್ಟು ತೂಕಕ್ಕಿಂತ ಜಾಸ್ತಿ ಎತ್ತಲಾರೆ, ಅರ್ಧ ಗಂಟೆಗಿಂತ ಹೆಚ್ಚು ನಿಲ್ಲಲಾರೆ, ಕೆಳಗಿನ ಶೆಲ್ಫಿಗೆ ಬಗ್ಗಲಾರೆ ಎಂದು ಅವರು ನಿಧಾನವಾಗಿ ಬರೆದರು. ಕಚೇರಿಯೂ ಬೇರೊಂದು ಉತ್ತರ ಕೊಡಬೇಕು: ಕೆಲಸದಲ್ಲಿ ಏನಾದರೂ ಬದಲಾವಣೆ ಮಾಡಿಕೊಡಲು ನೋಡಿದಿರಾ, ಅದೇ ದರ್ಜೆಯ ಖಾಲಿ ಹುದ್ದೆ ಹತ್ತಿರದಲ್ಲಿ ಇದೆಯೇ ಎಂದು ಹುಡುಕಿದಿರಾ? ಎರಡಕ್ಕೂ ದಾರಿ ಇಲ್ಲ ಎಂದು ಬರೆದುಕೊಟ್ಟ ಮೇಲೆ ಕಡತ ಮುಂದೆ ಹೋಗುತ್ತದೆ. ದಶಕಗಳ ಕಾಲ ಫೆಡರಲ್ ನೌಕರರ ನಿವೃತ್ತಿಯ ಕಾಗದದ ಕಡತಗಳು ಸೇರುತ್ತಿದ್ದದ್ದು ಪೆನ್ಸಿಲ್ವೇನಿಯಾದ ಬಾಯರ್ಸ್‌ನಲ್ಲಿ, ನೆಲದಡಿಯ ಹಳೇ ಸುಣ್ಣಕಲ್ಲಿನ ಗಣಿಯೊಂದರಲ್ಲಿ.

ಇಲ್ಲಿ ಬಹಳ ಜನ ಎಡವುವ ಜಾಗ ಒಂದಿದೆ. ವಿ.ಎ. ಕೇಳುವುದು ಸೈನ್ಯದ ಸೇವೆಯಿಂದ ದೇಹಕ್ಕೆ ಎಷ್ಟು ನಷ್ಟವಾಯಿತು ಎಂದು. ನಿವೃತ್ತಿ ಮಂಜೂರು ಮಾಡುವವರು ಕೇಳುವುದು ಈ ಹುದ್ದೆಯ ಕೆಲಸ ನಿಮ್ಮಿಂದ ಆಗುತ್ತದೋ ಇಲ್ಲವೋ ಎಂದು. ಶೇ 100 ಇದ್ದವನು ಮೇಜಿನ ಕೆಲಸ ಮಾಡುತ್ತಾ ಇರಬಹುದು. ಶೇ 40 ಇದ್ದವನಿಗೆ ಭಾರ ಎತ್ತುವ ಕೆಲಸ ಆಗದೆ ನಿವೃತ್ತಿ ಸಿಗಬಹುದು. ವಿ.ಎ. ಪತ್ರ ಕೈಲಿದೆ, ಇದು ತಾನಾಗೇ ಆಗುತ್ತದೆ ಅಂತ ಸುಮ್ನೆ ಕೂತವರು ಪೆಟ್ಟು ತಿನ್ನುತ್ತಾರೆ. ಕೆಲಸ ಬಿಟ್ಟ ಒಂದು ವರ್ಷದೊಳಗೆ ಅರ್ಜಿ ಹೋಗಿರಲೇಬೇಕು.

ಸಿಗುವ ಹಣವೂ ಭಾರಿ ಏನಲ್ಲ. ಕನಿಷ್ಠ 18 ತಿಂಗಳು ಸೇವೆ ಆಗಿರಬೇಕು. ಮೊದಲ ವರ್ಷ, ಅತಿ ಹೆಚ್ಚು ಸಂಬಳದ ಮೂರು ವರ್ಷಗಳ ಸರಾಸರಿಯಲ್ಲಿ ಶೇ 60. ಆಮೇಲೆ 62 ವಯಸ್ಸಿನವರೆಗೆ ಶೇ 40. ಸೋಶಿಯಲ್ ಸೆಕ್ಯುರಿಟಿ ಎಂಬ ಸರ್ಕಾರಿ ಸಾಮಾಜಿಕ ವಿಮೆಯಿಂದ ಅಂಗವೈಕಲ್ಯದ ಹಣ ಬಂದರೆ ಈ ಪಿಂಚಣಿಯಲ್ಲಿ ಕಡಿತ. ವಿ.ಎ. ಪರಿಹಾರಕ್ಕೆ ಮಾತ್ರ ಕೈ ಹಾಕುವುದಿಲ್ಲ. ಆ ಪರಿಹಾರ ಇಲ್ಲದಿದ್ದರೆ ನಮ್ಮ ಪಕ್ಕದ ಮನೆಯವರು ಮನೆ ಸಾಲದ ಕಂತು ಕಟ್ಟುವುದು ಕಷ್ಟವಿತ್ತು.

ಈಗ ನಮ್ಮ ಕಡೆ ನೋಡಿ. ಕಾನೂನಿನ ಮಟ್ಟದಲ್ಲಿ ಸರ್ಕಾರಿ ನೌಕರನಿಗೆ ಭಾರತದ್ದೇ ಒಳ್ಳೆಯದು ಅಂತ ನಾನು ಧೈರ್ಯವಾಗಿ ಹೇಳುತ್ತೇನೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 20ನೇ ಕಲಂ ಪ್ರಕಾರ, ಸೇವೆಯಲ್ಲಿರುವಾಗ ಅಂಗವೈಕಲ್ಯ ಬಂದರೆ ನೌಕರನನ್ನು ತೆಗೆಯುವಂತಿಲ್ಲ, ದರ್ಜೆ ಇಳಿಸುವಂತಿಲ್ಲ. ಅದೇ ಸಂಬಳದ ಬೇರೆ ಹುದ್ದೆ ಕೊಡಬೇಕು. ಅಂಥ ಹುದ್ದೆ ಇಲ್ಲದಿದ್ದರೆ, ಸಿಗುವವರೆಗೆ ಅಥವಾ ನಿವೃತ್ತಿಯವರೆಗೆ ಹೆಚ್ಚುವರಿ ಹುದ್ದೆ ಮಾಡಿ ಇಟ್ಟುಕೊಳ್ಳಬೇಕು. ಕೆಲವು ಪಡೆಗಳಿಗೆ ಸರ್ಕಾರ ವಿನಾಯಿತಿ ಕೊಟ್ಟಿದೆ, ಕಚೇರಿ ಗುಮಾಸ್ತನಿಗೆ ಅದು ಅನ್ವಯಿಸುವುದಿಲ್ಲ. 1995ರ ಹಳೇ ಕಾಯ್ದೆಯಲ್ಲೂ ಇದೇ ರಕ್ಷಣೆ 47ನೇ ಕಲಮಿನಲ್ಲಿತ್ತು. ಕಾಲು ಕಳೆದುಕೊಂಡ ಕಾನ್‌ಸ್ಟೆಬಲ್ ಕುನಾಲ್ ಸಿಂಗ್ ಪ್ರಕರಣದಲ್ಲಿ 2003ರಲ್ಲೇ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಅಮೆರಿಕದಲ್ಲಿ ಹುದ್ದೆ ಹುಡುಕಿ ಸಿಗದಿದ್ದರೆ ಶೇ 40ರ ಪಿಂಚಣಿ. ನಮ್ಮಲ್ಲಿ ಪೂರ್ತಿ ಸಂಬಳ.

ಆದರೆ ನಮ್ಮ ಕಾಕಾಗೆ ಇದನ್ನು ಯಾರೂ ಹೇಳಲಿಲ್ಲ. ಬೆಳಗಾವಿ ಕಡೆಯ ಹಳ್ಳಿ ನಮ್ಮದು. ಮನೆಗೊಬ್ಬ ಮಿಲ್ಟ್ರಿಯವ. ಕಾಕಾ ಹವಾಲ್ದಾರರಾಗಿ ಬಂದು, ಮಾಜಿ ಸೈನಿಕರ ಮೀಸಲಾತಿಯಲ್ಲಿ ರಾಜ್ಯ ಸರ್ಕಾರದ ಒಂದು ಕಚೇರಿಯಲ್ಲಿ ಗುಮಾಸ್ತರಾದರು. ಸೈನ್ಯದಲ್ಲೇ ಶುರುವಾಗಿದ್ದ ಬೆನ್ನುಹುರಿಯ ತೊಂದರೆ ಕೆಲಸಕ್ಕೆ ಸೇರಿದ ಮೇಲೆ ಕಾಲಿಗೆ ಇಳಿಯಿತು. ಎಡಗಾಲು ಎಳೆದು ನಡೆಯುವಂತಾಯಿತು. ಕಚೇರಿ ಇದ್ದದ್ದು ಎರಡನೇ ಮಹಡಿಯಲ್ಲಿ, ಲಿಫ್ಟ್ ಇಲ್ಲ. ‘ಸುಮ್ನೆ ಯಾಕ ತ್ರಾಸ ತಗೋತೀರಿ, ಸ್ವಯಂ ನಿವೃತ್ತಿ ಬರದುಕೊಡ್ರಿ’ ಅಂದರು ಅಲ್ಲಿನವರು. ಬರೆದುಕೊಟ್ಟುಬಿಟ್ಟರು. ವೈದ್ಯಕೀಯ ಮಂಡಳಿಯ ಮುಂದೆ ಹೋಗಿ ಅಶಕ್ತತಾ ಪಿಂಚಣಿ ಕೇಳಬಹುದು ಎಂಬುದೂ ಗೊತ್ತಿರಲಿಲ್ಲ, ಕೆಳಗಿನ ಮಹಡಿಯ ಹುದ್ದೆ ಕೇಳುವ ಹಕ್ಕಿದೆ ಎಂಬುದೂ ಗೊತ್ತಿರಲಿಲ್ಲ. ‘ತಮ್ಮಾ, ಕೇಳಬೇಕು ಅನ್ನೋದರ ಯಾರು ಹೇಳಬೇಕಿತ್ತೋ’ ಎಂದು ಆಮೇಲೆ ನನಗೆ ಹೇಳಿದಾಗ ಬಹಳ ಸಂಕಟವಾಯಿತು.

ಸೈನ್ಯದ ಅಂಗವೈಕಲ್ಯ ಪಿಂಚಣಿಯೂ ಸಿಗಲಿಲ್ಲ. ತೊಂದರೆ ಸೇವೆಯಿಂದ ಬಂದದ್ದಲ್ಲ, ಸೇವೆಯಿಂದ ಜಾಸ್ತಿಯಾದದ್ದೂ ಅಲ್ಲ ಎಂದು ಬಿಡುಗಡೆಯ ವೈದ್ಯಕೀಯ ಮಂಡಳಿ ಒಂದೇ ಸಾಲು ಬರೆದಿತ್ತು. ಸೇರುವಾಗ ಆರೋಗ್ಯವಾಗಿದ್ದವನಿಗೆ ಆಮೇಲೆ ಬಂದ ಕಾಯಿಲೆ ಸೇವೆಯಿಂದಲೇ ಬಂದದ್ದೆಂದು ಭಾವಿಸಬೇಕು, ಅಲ್ಲವೆಂದು ತೋರಿಸುವ ಹೊಣೆ ಸರ್ಕಾರದ್ದು ಎಂದು ಸುಪ್ರೀಂ ಕೋರ್ಟ್ 2013ರಲ್ಲಿ ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ ಹೇಳಿತು. ಆದರೂ ಸಶಸ್ತ್ರ ಪಡೆಗಳ ನ್ಯಾಯಮಂಡಳಿಯಲ್ಲಿ ಸೈನಿಕ ಗೆದ್ದರೆ ಸರ್ಕಾರ ಮೇಲ್ಮನವಿಗೆ ಹೋಗುವ ಚಾಳಿ ಬಿಡಲಿಲ್ಲ. ಮನೋಹರ್ ಪರಿಕ್ಕರ್ ರಕ್ಷಣಾ ಸಚಿವರಾಗಿದ್ದಾಗ, 2015ರಲ್ಲಿ ನೇಮಿಸಿದ ತಜ್ಞರ ಸಮಿತಿಯೇ ಇದನ್ನು ನಿಲ್ಲಿಸಿ ಎಂದಿತ್ತು. ಕಾಲೆಳೆದು ನಡೆಯುವ ಮನುಷ್ಯನನ್ನು ಸರ್ಕಾರವೇ ಕೋರ್ಟಿಗೆ ಅಲೆಸುವುದು ನನಗೆ ಸಹಿಸಲು ಆಗುವುದಿಲ್ಲ.

ಅಮೆರಿಕದಿಂದ ನಮ್ಮವರು ತರಬೇಕಾದದ್ದು ಡಾಲರ್ ಲೆಕ್ಕ ಅಲ್ಲ. ಇಲ್ಲಿ ಅಮೆರಿಕನ್ ಲೀಜನ್, ಡಿ.ಎ.ವಿ.ಯಂಥ ಮಾಜಿ ಸೈನಿಕರ ಸಂಘಗಳು ತರಬೇತಿ ಪಡೆದವರನ್ನು ಇಟ್ಟಿವೆ. ಅವರು ವಿ.ಎ. ಅರ್ಜಿಯನ್ನು ಬಿಟ್ಟಿಯಾಗಿ, ಪಕ್ಕದಲ್ಲಿ ಕೂತು ತುಂಬಿಸುತ್ತಾರೆ, ತಿರಸ್ಕಾರವಾದರೆ ಮೇಲ್ಮನವಿಯನ್ನೂ ಬರೆಯುತ್ತಾರೆ. ನಮ್ಮಲ್ಲೂ ಸೈನಿಕ ಕಲ್ಯಾಣ ಇಲಾಖೆಯ ಕಚೇರಿಗಳಿವೆ. ಅಲ್ಲಿ ಸೈನ್ಯದ ಪಿಂಚಣಿಯೂ ಗೊತ್ತಿರುವ, ರಾಜ್ಯದ ಸೇವಾ ನಿಯಮವೂ ಗೊತ್ತಿರುವ ಒಬ್ಬರನ್ನು ಕೂರಿಸಬೇಕು. ಮಾಜಿ ಸೈನಿಕರಿಂದ ಸ್ವಯಂ ನಿವೃತ್ತಿ ಅರ್ಜಿ ಬಂದರೆ, ಕಾರಣ ಆರೋಗ್ಯವಾದರೆ, ಅವರ ಹಕ್ಕುಗಳನ್ನು ಕನ್ನಡದಲ್ಲಿ ಬರೆದ ಒಂದು ಹಾಳೆ ಕೊಟ್ಟು ಸಹಿ ಪಡೆಯದೆ ಅದನ್ನು ಮಂಜೂರು ಮಾಡಬಾರದು. ಒಂದು ಸರ್ಕಾರಿ ಆದೇಶ ಸಾಕು ಇದಕ್ಕೆ.

ಅದು ಬರುವವರೆಗೆ, ನಿಮ್ಮ ಮನೆಯಲ್ಲಿ ಅಥವಾ ಕಚೇರಿಯಲ್ಲಿ ಅಂಥವರಿದ್ದರೆ ದಯವಿಟ್ಟು ಹೇಳಿ: ಸ್ವಯಂ ನಿವೃತ್ತಿಗೆ ಸಹಿ ಹಾಕಬೇಡಿ. ಮೊದಲು 20ನೇ ಕಲಂ ಹೆಸರಿಸಿ, ಬೇರೆ ಹುದ್ದೆ ಕೊಡಿ ಎಂದು ಬರಹದಲ್ಲಿ ಅರ್ಜಿ ಕೊಡಿ. ಸ್ವೀಕೃತಿಯ ಮೊಹರು ಹಾಕಿಸಿಕೊಂಡು ಒಂದು ಪ್ರತಿ ಮನೆಯಲ್ಲಿಟ್ಟುಕೊಳ್ಳಿ.