ಸದರಿ ಖಾಲಿ ಜಾಗದಲ್ಲಿ ಮಕ್ಕಳು ಕಂಡುಬಂದಿದ್ದು...

ನವೆಂಬರ್ 14 ಹತ್ತಿರ ಬಂತು ಅಂದರೆ ನಮ್ಮ ಗ್ರಾಮ ಪಂಚಾಯಿತಿಗಳಿಗೆ ಊರಲ್ಲಿ ಮಕ್ಕಳೂ ಇದ್ದಾರೆ ಅನ್ನೋದು ನೆನಪಾಗುತ್ತದೆ. ಕೂಡಲೇ ಶಾಮಿಯಾನ ಬರುತ್ತದೆ, ಮೈಕ್ ಬರುತ್ತದೆ, ಫ್ಲೆಕ್ಸ್ ಬರುತ್ತದೆ. ಅಧ್ಯಕ್ಷರು, ಉಪಾಧ್ಯಕ್ಷರು, ಸರ್ವ ಸದಸ್ಯರ ಫೋಟೊ ಹಾಕಿ ಜಾಗ ಮಿಕ್ಕಿದರೆ ಫ್ಲೆಕ್ಸ್‌ನ ಮೂಲೆಯಲ್ಲಿ ಒಂದು ಮಗು ನಗುತ್ತಿರುತ್ತದೆ. ಅದು ಊರಿನ ಮಗುವಲ್ಲ, ಇಂಟರ್‌ನೆಟ್‌ನಿಂದ ಇಳಿಸಿಕೊಂಡದ್ದು. ಊರಿನ ಮಕ್ಕಳು ಬಿಸಿಲಲ್ಲಿ ಸಾಲಾಗಿ ಕೂತಿರುತ್ತಾರೆ.

ಇದು ಮಕ್ಕಳ ಗ್ರಾಮಸಭೆ. 2006ರಲ್ಲಿ ಸರ್ಕಾರ ಆದೇಶ ಮಾಡಿದ ಮೇಲೆ ಕರ್ನಾಟಕದಲ್ಲಿ ಶುರುವಾಯಿತು. ಯೋಚನೆ ನಿಜಕ್ಕೂ ಒಳ್ಳೆಯದು. ವೋಟಿಲ್ಲದವರ ಕೈಗೆ ವರ್ಷಕ್ಕೊಂದು ದಿನ ಮೈಕ್ ಕೊಡುವುದು ಸಣ್ಣ ಮಾತಲ್ಲ. ಅವರು ಮಾತಾಡಿ ಮುಗಿಸಿದ ಮೇಲೆ ಏನು ಮಾಡಬೇಕು ಅನ್ನೋದರಲ್ಲಿ ಮಾತ್ರ ಸ್ವಲ್ಪ ಗೊಂದಲವಿದೆ.

ಯಾವ ಸಭೆಗೆ ಹೋದರೂ ಒಬ್ಬ ಹುಡುಗಿಗೂ ಪಿಡಿಒಗೂ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ನಡುವೆ ಹೆಚ್ಚುಕಡಿಮೆ ಹೀಗೊಂದು ಮಾತುಕತೆ ಕಿವಿಗೆ ಬೀಳುತ್ತದೆ.

"ಸರ್, ನಮ್ಮ ಶಾಲೆಗೆ ಆಟದ ಮೈದಾನ ಬೇಕು."

"ವೆರಿ ಗುಡ್! ಎಷ್ಟನೇ ಕ್ಲಾಸಮ್ಮ ನೀನು?"

"ಏಳನೇ ಕ್ಲಾಸು ಸರ್. ಹೋದ ವರ್ಷಾನೂ ಕೇಳಿದ್ದೆ."

"ಹೋದ ವರ್ಷ ನಾನು ಇಲ್ಲಿರಲಿಲ್ಲ ಮಗಳೇ."

"ಅದರ ಹಿಂದಿನ ವರ್ಷ ನಮ್ಮಕ್ಕ ಕೇಳಿದ್ದಳು ಸರ್."

"ಆಗ ಬೇರೆ ಮೇಡಂ ಇದ್ದರು, ಅವರಿಗೂ ವರ್ಗ ಆಯ್ತು. ಎಲ್ಲರೂ ಚಪ್ಪಾಳೆ ತಟ್ಟಿ, ಹುಡುಗಿ ಎಷ್ಟು ಧೈರ್ಯವಾಗಿ ಮಾತಾಡ್ತಾಳೆ ನೋಡಿ!"

ಚಪ್ಪಾಳೆ ಜೋರಾಗಿಯೇ ಬೀಳುತ್ತದೆ. ಹುಡುಗಿ ಕೇಳಿದ್ದು ಮೈದಾನ, ಸಿಕ್ಕಿದ್ದು ಚಪ್ಪಾಳೆ. ಆದರೂ ಪಂಚಾಯಿತಿ ಏನೂ ಕೊಡಲಿಲ್ಲ ಅಂತ ಹೇಳುವ ಹಾಗಿಲ್ಲ.

ಆಮೇಲೆ ಅನುಪಾಲನಾ ವರದಿ ಓದುತ್ತಾರೆ. ಹೋದ ಸಲ ಮಕ್ಕಳು ಕೇಳಿದ್ದರಲ್ಲಿ ಏನೇನಾಯಿತು ಅಂತ ಹೇಳಬೇಕು, ಅದು ನಿಯಮ. ಆಟದ ಮೈದಾನ: ಅನುದಾನದ ಲಭ್ಯತೆ ಮೇರೆಗೆ ಪರಿಶೀಲಿಸಲಾಗುವುದು. ಹೆಣ್ಣುಮಕ್ಕಳ ಶೌಚಾಲಯಕ್ಕೆ ನೀರು: ಮೇಲಧಿಕಾರಿಗಳ ಗಮನಕ್ಕೆ ತರಲಾಗಿದೆ. ಬೀದಿನಾಯಿ: ಸಂಬಂಧಪಟ್ಟ ಇಲಾಖೆಗೆ ಪತ್ರ ಬರೆಯಲಾಗಿದೆ. ಬೀದಿನಾಯಿಗೆ ಸಂಬಂಧಪಟ್ಟ ಇಲಾಖೆ ಯಾವುದು ಅನ್ನೋದು ನಾಯಿಗೂ ಗೊತ್ತಿಲ್ಲ. ಓದಿದ ವರದಿಗೆ ಸಭೆ ಒಪ್ಪಿಗೆ ಕೊಡುತ್ತದೆ. ಮಕ್ಕಳಿಗೆ ಒಂದೊಂದು ಬಿಸ್ಕತ್ ಪ್ಯಾಕೆಟ್, ದೊಡ್ಡವರಿಗೆ ಉಪ್ಪಿಟ್ಟು ಕೇಸರಿಬಾತ್.

ಹಾಗಾದರೆ ನಮ್ಮ ಶಾಲೆಗಳ ಪಕ್ಕ ಜಾಗವೇ ಇರಲಿಲ್ವಾ? ಎಷ್ಟೋ ಊರುಗಳಲ್ಲಿ ಬೇಕಾದಷ್ಟಿತ್ತು. ತೊಂದರೆ ಶುರುವಾಗಿದ್ದೇ ಅಲ್ಲಿಂದ. ಮಕ್ಕಳು ಲಗೋರಿ ಆಡುವ ನೆಲ ಸರ್ಕಾರದ ಕಣ್ಣಿಗೆ ಮೈದಾನವಾಗಿ ಕಾಣುವುದೇ ಇಲ್ಲ, ಬರೀ ಖಾಲಿ ಜಾಗವಾಗಿ ಕಾಣುತ್ತದೆ. ಜೂನಿಯರ್ ಎಂಜಿನಿಯರ್ ಸಾಹೇಬರು ಟೇಪು ಹಿಡಿದು ಬಂದಾಗ ಅಲ್ಲಿ ನಲವತ್ತು ಹುಡುಗರು ಕಬಡ್ಡಿ ಆಡುತ್ತಿದ್ದರೂ ನಕ್ಷೆಯಲ್ಲಿ ಅದು ಖಾಲಿಯೇ. ಕಾಂಕ್ರೀಟ್ ಬಿದ್ದ ಮೇಲೆ ಮಾತ್ರ ಜಾಗ ತುಂಬಿದ ಲೆಕ್ಕ.

ಹೀಗಾಗಿ ಒಂದು ವರ್ಷ ಓವರ್‌ಹೆಡ್ ಟ್ಯಾಂಕ್ ಬಂತು. ಇನ್ನೊಂದು ವರ್ಷ ಅಂಗನವಾಡಿ ಕಟ್ಟಡ. ಆಮೇಲೆ ಹಾಲಿನ ಡೇರಿ, ಸಮುದಾಯ ಭವನ, ಶುದ್ಧ ಕುಡಿಯುವ ನೀರಿನ ಘಟಕ. ಮತ್ತೊಂದು ವರ್ಷ ಶಾಸಕರ ಅನುದಾನದಲ್ಲಿ ಬಯಲು ರಂಗಮಂದಿರ. ಬಯಲನ್ನೆಲ್ಲ ರಂಗಮಂದಿರವೇ ನುಂಗಿದ ಮೇಲೆ ನಾಟಕ ನೋಡುವವರು ಎಲ್ಲಿ ಕೂರಬೇಕು ಅಂತ ಯಾರೂ ಕೇಳಲಿಲ್ಲ. ಇದರಲ್ಲಿ ಒಂದೂ ಬೇಡದ ಕಟ್ಟಡವಲ್ಲ, ಅದೇ ಕಷ್ಟ. ಟ್ಯಾಂಕ್ ಬೇಡ ಅನ್ನೋಕೆ ಆಗುತ್ತಾ? ಅಂಗನವಾಡಿ ಬೇಡ ಅನ್ನೋಕೆ ಆಗುತ್ತಾ? ಯಾರದೋ ಹೊಲದಲ್ಲಿ ಒಂದು ಗುಂಟೆ ಕೇಳಿದರೆ ತಕರಾರು, ತಡೆಯಾಜ್ಞೆ, ಅಣ್ಣತಮ್ಮಂದಿರ ಭಾಗದ ಜಗಳ ಎಲ್ಲ ಮೇಲೆದ್ದು ಬರುತ್ತದೆ. ಆಡುವ ಮಕ್ಕಳ ಹತ್ತಿರ ಪಹಣಿ ಇಲ್ಲ, ವಕೀಲರಿಲ್ಲ. ಅವರು ಎರಡು ದಿನ ಜೆಸಿಬಿ ನೋಡಿ ಖುಷಿಪಡುತ್ತಾರೆ. ಮೂರನೇ ದಿನ ಉಳಿದ ಮೂಲೆಯಲ್ಲಿ ಕುಂಟೆಬಿಲ್ಲೆಗೆ ಗೆರೆ ಎಳೆಯುತ್ತಾರೆ.

ಪಿಡಿಒಗಳಿಗೆ ಅನ್ಯಾಯ ಆಗಬಾರದು ಅಂತ ಇದನ್ನೂ ಹೇಳುತ್ತೇನೆ. ನರೇಗಾ ಹಣದಲ್ಲಿ ನಮ್ಮ ರಾಜ್ಯದ ಎಷ್ಟೋ ಸರ್ಕಾರಿ ಶಾಲೆಗಳಿಗೆ ಕಾಂಪೌಂಡ್, ಶೌಚಾಲಯ, ಆಟದ ಅಂಕಣ ಆಗಿದೆ. ಕೆಲವು ಕಡೆ ಬಲು ಚೆನ್ನಾಗಿಯೇ ಆಗಿದೆ. ಇನ್ನು ಕೆಲವು ಕಡೆ ಮಾತ್ರ ಎಲ್ಲಕ್ಕಿಂತ ಗಟ್ಟಿಯಾಗಿ ನಿಂತಿರುವುದು ನಾಮಫಲಕ. ಕಾಮಗಾರಿ ಹೆಸರು, ಅಂದಾಜು ಮೊತ್ತ, ಮಾನವ ದಿನಗಳು ಎಲ್ಲ ಅದರ ಮೇಲೆ ಚೊಕ್ಕಟವಾಗಿ ಬರೆದಿರುತ್ತದೆ. ಹುಡುಗರು ಅದನ್ನೇ ವಿಕೆಟ್ ಮಾಡಿಕೊಂಡಿದ್ದಾರೆ. ಅಷ್ಟರಮಟ್ಟಿಗೆ ಅದೂ ಕ್ರೀಡಾ ಸೌಲಭ್ಯವೇ.

ಕಾನೂನಿಗೇನೂ ಬರವಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಪ್ರತಿ ಶಾಲೆಗೂ ಆಟದ ಮೈದಾನ ಇರಬೇಕು ಅಂತ ಬರೆದಿದೆ. ಕಾಯ್ದೆ 2010ರ ಏಪ್ರಿಲ್ 1ರಂದು ಜಾರಿಗೆ ಬಂತು. ಈ ಸೌಲಭ್ಯಗಳನ್ನೆಲ್ಲ ಒದಗಿಸಲು ಮೂರು ವರ್ಷದ ಗಡುವು. ಆ ಗಡುವು ಮುಗಿದ 2013ರಲ್ಲಿ ಒಂದನೇ ತರಗತಿಗೆ ಸೇರಿದ ಮಗುವಿಗೆ ಈಗ ಮೀಸೆ ಬಂದಿದೆ. ಅದಕ್ಕೂ ಮುಂಚೆ, 1992ರಲ್ಲೇ ಭಾರತ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಗೆ ಒಪ್ಪಿತ್ತು. ಅದರ 31ನೇ ವಿಧಿ ಆಟ ಆಡುವುದು ಮಕ್ಕಳ ಹಕ್ಕು ಅನ್ನುತ್ತದೆ. ಹಕ್ಕು ಮಕ್ಕಳದೇ, ನೆಲದ ಖಾತೆ ಮಾತ್ರ ಬೇರೆಯವರದು.

ಮೈದಾನ ಇಲ್ಲದ ಶಾಲೆಗೂ ಒಂದು ದಾರಿ ಉಂಟು. ಶಾಲೆಗಳು ವರ್ಷವರ್ಷ ತುಂಬುವ ಯು-ಡೈಸ್ ನಮೂನೆಯಲ್ಲಿ ಮೈದಾನ ಇದೆಯೇ ಅಂತ ಕೇಳುತ್ತಾರೆ. ಇಲ್ಲ ಅಂದರೆ ಪಕ್ಕದ ಮೈದಾನದಲ್ಲೋ ನಗರಸಭೆಯ ಪಾರ್ಕಿನಲ್ಲೋ ಆಡಿಸಲು ವ್ಯವಸ್ಥೆ ಮಾಡಿದ್ದೀರಾ ಅನ್ನೋದು ಮುಂದಿನ ಪ್ರಶ್ನೆ. ಮುಖ್ಯ ಶಿಕ್ಷಕರು ಏನು ಮಾಡಬೇಕು ಪಾಪ, 'ಹೌದು' ಅಂತ ತುಂಬುತ್ತಾರೆ.

ಈಗ ಬೆಂಗಳೂರಿನ ಪಾರ್ಕೊಂದರ ಗೇಟಿಗೆ ಬನ್ನಿ. ಚೆಂಡಾಟ ನಿಷೇಧ. ಸೈಕಲ್ ನಿಷೇಧ. ಹುಲ್ಲಿನ ಮೇಲೆ ನಡೆಯುವುದು ನಿಷೇಧ. ಮರ ಹತ್ತುವುದು ನಿಷೇಧ, ಅಲ್ಲಿಗೆ ಮರಕೋತಿಯೂ ಮುಗಿಯಿತು. ಬೋರ್ಡಿನಲ್ಲಿ ಜಾಗ ಇದ್ದಿದ್ದರೆ ನಗುವುದನ್ನೂ ಸೇರಿಸುತ್ತಿದ್ದರೇನೋ. ಆದರೆ ಬೆಳಗ್ಗೆ ನಗೆಕೂಟದ ಹಿರಿಯರು ಬರುತ್ತಾರಲ್ಲ, ಅವರ ವೋಟಿದೆ. ಒಳಗೆ ಬಣ್ಣ ಬಳಿದ ಓಪನ್ ಜಿಮ್ ಇದೆ, ಅದರ ಮೇಲೆ ಮಕ್ಕಳಿಗಲ್ಲ ಅಂತ ಬರೆದಿದೆ. ಮಕ್ಕಳಿಗೆ ಅಂತ ಇರುವ ಜಾರುಬಂಡೆಯ ತುದಿಯ ತಗಡು ಎದ್ದಿದೆ, ಅದರ ಮೇಲೆ ಏನೂ ಬರೆದಿಲ್ಲ. ಮಗು ಶಾಲೆಯಲ್ಲಿ ಆಡುವ ಹಾಗಿಲ್ಲ, ಯಾಕೆಂದರೆ ದಾಖಲೆ ಪ್ರಕಾರ ಅದು ಪಾರ್ಕಿನಲ್ಲಿ ಆಡುತ್ತಿದೆ. ಪಾರ್ಕಿನಲ್ಲೂ ಆಡುವ ಹಾಗಿಲ್ಲ, ಅಲ್ಲಿ ಬೋರ್ಡಿದೆ. ಕಡೆಗೆ ಮಗು ರಸ್ತೆಯಲ್ಲಿ ಆಡುತ್ತದೆ. ಆಗ ಅಕ್ಕಪಕ್ಕದವರು, "ಇವಕ್ಕೆ ಹೇಳೋರು ಕೇಳೋರು ಯಾರೂ ಇಲ್ವಾ?" ಅನ್ನುತ್ತಾರೆ.

ಪ್ರಶ್ನೆ ಸರಿಯಾಗಿಯೇ ಇದೆ. ಹೇಳೋರು ಕೇಳೋರು ಯಾರು? ಬೆಂಗಳೂರು ಪಾಲಿಕೆಯ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ಐದು ವರ್ಷ ಚುನಾವಣೆಯೇ ಇಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಒಂದು ಪಾಲಿಕೆ ಹೋಗಿ ಐದು ಪಾಲಿಕೆ ಬಂದವು. ಆವತ್ತಿಗೆ ಐದರಲ್ಲೂ ಚುನಾಯಿತ ಸದಸ್ಯರ ಸಂಖ್ಯೆ ಸೊನ್ನೆ. ಸೊನ್ನೆಯನ್ನು ಐದರಿಂದ ಭಾಗಿಸಿದರೆ ಎಷ್ಟು ಅಂತ ಪಾಲಿಕೆ ಶಾಲೆಯ ಮಕ್ಕಳನ್ನು ಕೇಳಿ, ಥಟ್ಟನೆ ಹೇಳುತ್ತಾರೆ.

ಹಳ್ಳಿ ಕಡೆ ಇನ್ನೂ ಚೆಂದ. ಜಿಲ್ಲಾ ಪಂಚಾಯಿತಿಯಲ್ಲಿ ಶಿಕ್ಷಣ ಮತ್ತು ಆರೋಗ್ಯ ಸ್ಥಾಯಿ ಸಮಿತಿ ಅಂತ ಒಂದಿದೆ. ಶಾಲೆಗಳ ಮೇಲೆ ಕಣ್ಣಿಡುವುದು ಅದರ ಕೆಲಸ. ಜಿಲ್ಲಾ ಪಂಚಾಯಿತಿಗೆ 2016ರಲ್ಲಿ ಚುನಾವಣೆ ನಡೆಯಿತು. 2021ರಲ್ಲಿ ಅವಧಿ ಮುಗಿಯಿತು. ಆಮೇಲೆ ಕ್ಷೇತ್ರ ಮರುವಿಂಗಡಣೆ, ಮೀಸಲಾತಿ ಪಟ್ಟಿ, ಕೋರ್ಟು ಅಂತ ಹೇಳುತ್ತಾ ಹೇಳುತ್ತಾ 2025 ಕೂಡ ಕಳೆಯಿತು. ಸ್ಥಾಯಿ ಸಮಿತಿ ಕಾಯ್ದೆಯಲ್ಲಿ ಸ್ಥಾಯಿಯಾಗಿ ಉಳಿಯಿತು, ಕೋಣೆಯಲ್ಲಿ ಕುರ್ಚಿಗಳು ಉಳಿದವು. ಸದಸ್ಯರು ಇದ್ದಾಗಲೂ ಅವರು ಚರ್ಚೆ ಮಾಡುತ್ತಿದ್ದದ್ದು ಮೇಷ್ಟ್ರುಗಳ ವರ್ಗಾವಣೆಯೇ ಜಾಸ್ತಿ ಅನ್ನೋದು ಬೇರೆ ಮಾತು. ಆದರೆ ಬೈಯೋಕಾದರೂ ಒಬ್ಬರು ಸಿಗುತ್ತಿದ್ದರಲ್ವಾ? ಈಗ ಆಡಳಿತಾಧಿಕಾರಿಯನ್ನು ಬೈಯಬೇಕು ಅಂದರೆ ಮೊದಲು ಭೇಟಿಗೆ ಸಮಯ ಕೇಳಬೇಕು.

ಎಸ್‌ಡಿಎಂಸಿ ಇದೆಯಲ್ಲ ಅನ್ನಬಹುದು. ಇದೆ. ಶಾಲೆಯ ಈ ಉಸ್ತುವಾರಿ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಅರ್ಧದಷ್ಟು ಹೆಂಗಸರಿರಬೇಕು ಅಂತ ಶಿಕ್ಷಣ ಹಕ್ಕು ಕಾಯ್ದೆಯೇ ಹೇಳುತ್ತದೆ. ಸಭೆ ಕರೆಯುವುದು ಬೆಳಗ್ಗೆ ಹನ್ನೊಂದಕ್ಕೆ, ಅವರು ಕೂಲಿಗೆ ಹೋದ ಮೇಲೆ. ಸಂಜೆ ಪುಸ್ತಕ ಮನೆಗೇ ಬರುತ್ತದೆ. "ಇಲ್ಲೊಂದು ಸೈನ್ ಹಾಕಕ್ಕಾ." ಅಕ್ಕ ಹಾಕುತ್ತಾಳೆ. ಶಾಲೆಯ ಜಾಗದಲ್ಲಿ ಗೋದಾಮು ಕಟ್ಟಲು ನಮ್ಮ ಅಭ್ಯಂತರವಿಲ್ಲ ಅಂತ ಠರಾವು ಆಗಿರುವುದು ಅವಳಿಗೆ ಮಗ ಬಂದು ಹೇಳಿದಾಗಲೇ ತಿಳಿಯುವುದು.

ಉದ್ಯಾನ, ಆಟದ ಮೈದಾನ, ಬಯಲು ಜಾಗ ಕಾಪಾಡಲು ಕರ್ನಾಟಕದಲ್ಲಿ 1985ರಷ್ಟು ಹಿಂದೆಯೇ ಪ್ರತ್ಯೇಕ ಕಾಯ್ದೆ ಬಂದಿದೆ. 1991ರಲ್ಲಿ ಸುಪ್ರೀಂ ಕೋರ್ಟ್ ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯ ಮೊಕದ್ದಮೆಯಲ್ಲಿ ಕಡ್ಡಿ ಮುರಿದ ಹಾಗೆ ಹೇಳಿತು: ಪಾರ್ಕಿಗೆ ಅಂತ ಬಿಟ್ಟ ಜಾಗವನ್ನು ಖಾಸಗಿ ನರ್ಸಿಂಗ್ ಹೋಮ್‌ಗೆ ಕೊಡುವ ಹಾಗಿಲ್ಲ. ನೋಡಿ, ಆಸ್ಪತ್ರೆಗೇ ಇಲ್ಲ ಅಂದ ಕೋರ್ಟು. ನಾವು ಅದರಿಂದ ಪಾಠ ಕಲಿತೆವು. ಅಲ್ಲಿಂದ ಮುಂದೆ ಆಸ್ಪತ್ರೆ ಬಿಟ್ಟು ಬೇರೆಲ್ಲ ಕಟ್ಟಿದೆವು.

ಇಷ್ಟೆಲ್ಲ ನೋಡಿದ ಮೇಲೆ ಆ ಏಳನೇ ಕ್ಲಾಸಿನ ಹುಡುಗಿಗೆ ಒಂದು ಉಪಾಯ ಹೇಳಿಕೊಡೋಣ ಅನ್ನಿಸುತ್ತಿದೆ. ಮೈದಾನ ಕೇಳಬೇಡಮ್ಮ. ಹೆಲಿಪ್ಯಾಡ್ ಕೇಳು.

ತಮಾಷೆಯಲ್ಲ. ದೊಡ್ಡವರ ಹೆಲಿಕಾಪ್ಟರ್ ಇಳಿಯುತ್ತದೆ ಅಂತ ಗೊತ್ತಾದ ಊರನ್ನು ನೋಡಿ. ವರ್ಷಗಟ್ಟಲೆ ಮುಚ್ಚದ ಗುಂಡಿ ರಾತ್ರೋರಾತ್ರಿ ಮುಚ್ಚುತ್ತದೆ. ರೋಲರ್ ಬರುತ್ತದೆ. ಕಲ್ಲು, ಮುಳ್ಳು, ಗಾಜಿನ ಚೂರು ಆರಿಸುತ್ತಾರೆ. ಧೂಳೇಳಬಾರದು ಅಂತ ಟ್ಯಾಂಕರ್‌ನಲ್ಲಿ ನೀರು ಹೊಡೆಯುತ್ತಾರೆ. ಅಡ್ಡ ಬರುವ ವೈರು ತೆಗೆಯುತ್ತಾರೆ. ಸುತ್ತ ಬೇಲಿ, ಕಾವಲಿಗೆ ಪೊಲೀಸರು. ಜಾಗ ಮಟ್ಟಸವಾಗಿದೆ, ಸುರಕ್ಷಿತವಾಗಿದೆ ಅಂತ ಲೋಕೋಪಯೋಗಿ ಇಲಾಖೆಯವರೇ ಬರೆದುಕೊಡುತ್ತಾರೆ. ಅನುದಾನದ ಲಭ್ಯತೆ ಅನ್ನುವ ಮಾತೇ ಅಲ್ಲಿ ಹುಟ್ಟುವುದಿಲ್ಲ. ಸುಣ್ಣದಲ್ಲಿ ಒಂದು ವೃತ್ತ ಬೇರೆ ಬರೆದುಕೊಡುತ್ತಾರೆ, ಕೊಕ್ಕೊ ಅಂಕಣಕ್ಕೆ ಅದನ್ನು ಸ್ವಲ್ಪ ತಿದ್ದಿಕೊಂಡರಾಯಿತು. ಹೆಲಿಕಾಪ್ಟರ್ ಬರುವುದು ಐದು ವರ್ಷಕ್ಕೊಮ್ಮೆ, ನಿಲ್ಲುವುದು ಅರ್ಧ ಗಂಟೆ. ಉಳಿದ ದಿನವೆಲ್ಲ ನಿಮ್ಮದೇ.

ಇನ್ನೊಂದು ಅನುಕೂಲವೂ ಇದೆ. ಹೆಲಿಪ್ಯಾಡ್ ಮೇಲೆ ಯಾರೂ ನೀರಿನ ಟ್ಯಾಂಕ್ ಕಟ್ಟುವುದಿಲ್ಲ.

ಈ ವರ್ಷದ ಸಭೆಗೆ ಸೂಚನಾ ಪತ್ರ ಹೊರಟಿದೆ. ವಿಷಯ: ಮಕ್ಕಳ ಆಟದ ಹಕ್ಕು ಕುರಿತು ಚರ್ಚೆ. ಸ್ಥಳ: ಶಾಲಾ ಆವರಣ, ಸಮುದಾಯ ಭವನದ ಹಿಂಭಾಗ, ಟ್ಯಾಂಕ್ ಕೆಳಗೆ. ಎಲ್ಲ ಮಕ್ಕಳೂ ಸಮವಸ್ತ್ರದಲ್ಲಿ ಕಡ್ಡಾಯವಾಗಿ ಹಾಜರಿರಬೇಕು. ಸದರಿ ದಿನ ಪಿಟಿ ಪಿರಿಯಡ್ ಇರುವುದಿಲ್ಲ.