ಸತ್ಯಾಂಶ: ಪೆಟ್ಟಿಗೆ ದೊಡ್ಡದಾದಷ್ಟೂ ಬಾಸ್ ಉತ್ತಮವೇ?

ಕಾರಿನಲ್ಲಿ ತಗ್ಗು ಸ್ವರ (ಬಾಸ್) ನುಡಿಸುವ ಸ್ಪೀಕರಾದ ಸಬ್‌ವೂಫರ್ ಪೆಟ್ಟಿಗೆ ದೊಡ್ಡದಾದಷ್ಟೂ ಎಲ್ಲ ಸಂಗೀತಕ್ಕೂ ಒಳ್ಳೆಯದೆಂಬ ಸಂದೇಶ ಪುಣೆ, ಮುಂಬೈ ಕನ್ನಡಿಗರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಜೋರಾದ ಬಾಸ್ ಮೆಚ್ಚಿ ಕಳುಹಿಸುವುದು ಸಹಜ, ಆದರೆ ಮಾತು ಸರಿಯಲ್ಲ. ಪ್ರತಿ ಸ್ಪೀಕರಿಗೂ ಹೊಂದುವ ಗಾತ್ರ ಬೇರೆ. ಮುಚ್ಚಿದ ಪೆಟ್ಟಿಗೆಯ ಗಾಳಿ ಸ್ಪ್ರಿಂಗಿನಂತೆ ಸ್ಪೀಕರಿನ ಅಲುಗುವ ಭಾಗವಾದ ಕೋನನ್ನು ಹಿಡಿದಿಡುವುದರಿಂದ ತಬಲಾ, ಮೃದಂಗಗಳ ಪೆಟ್ಟು ಬಿಗಿಯಾಗಿ ಕೇಳುತ್ತದೆ. ಪೋರ್ಟ್ (ಗಾಳಿ ಹೋಗಿಬರುವ ಕೊಳವೆ) ಇರುವ ಪೆಟ್ಟಿಗೆ ತಾನು ಟ್ಯೂನ್ ಆದ ಕಂಪನಾಂಕದ ಸುತ್ತ ಹೆಚ್ಚು ಜೋರಾದರೂ, ಅದಕ್ಕಿಂತ ಕೆಳಗೆ ಕೋನ್ ಹಿಡಿತ ತಪ್ಪಿ ಹಾಳಾಗಬಹುದು, ಆದ್ದರಿಂದ ಅತಿ ತಗ್ಗು ಸ್ವರಗಳನ್ನು ತಡೆಯುವ ಸಬ್‌ಸಾನಿಕ್ ಫಿಲ್ಟರ್ ಬೇಕು. ಡೊಳ್ಳಿನಿಂದ ಭಾವಗೀತೆಯವರೆಗೆ ಕೇಳುವವರಿಗೆ ನಾನು ಮುಚ್ಚಿದ ಪೆಟ್ಟಿಗೆಯನ್ನೇ ಸೂಚಿಸುತ್ತೇನೆ. ಒಳಗಿನ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಅಳೆದು ಗುಣಿಸಿ, 1000ದಿಂದ ಭಾಗಿಸಿದರೆ ಲೀಟರ್ ಲೆಕ್ಕ ಸಿಗುತ್ತದೆ. ಅದನ್ನು ತಯಾರಕರ ಕೈಪಿಡಿಯ ಅಂಕಿಯೊಂದಿಗೆ ಹೋಲಿಸಿ. ಬಳಿಕ ನಿಲ್ಲಿಸಿದ ಕಾರಿನಲ್ಲಿ 30ರಿಂದ 80 ಹರ್ಟ್ಜ್‌ವರೆಗಿನ ಸ್ವರಗಳನ್ನು ಮೆಲ್ಲಗೆ ಒಂದೊಂದಾಗಿ ನುಡಿಸಿ, ಯಾವುದಾದರೂ ಒಂದೇ ಸ್ವರ ಎದ್ದು ಗುಂಯ್‌ಗುಡುತ್ತದೆಯೇ ಎಂದು ಕೇಳಿ ನೋಡಿ.