ಉದ್ದಕ್ಕೋ, ಗಿಡ್ಡಕ್ಕೋ?

ವಿಜಯಪುರ ಅಂದರೆ ಎಲ್ಲರಿಗೂ ಬಿಸಿಲೇ ನೆನಪಾಗುತ್ತದೆ. ಡಿಸೆಂಬರಿನಲ್ಲಿ ಬೆಳಿಗ್ಗೆ ಆರೂವರೆಗೆ ಬಂದು ನೋಡಬೇಕು. ಅಂಥ ಚಳಿಯಲ್ಲೇ ಕಾರಿನ ಚಾವಿ ತಿರುಗಿಸಿದೆ. ಬಾನೆಟ್ಟಿನೊಳಗಿಂದ "ಕೀಈಈ" ಅಂತ ಚೀರಾಟ. ಗೋಳಗುಮ್ಮಟದಲ್ಲಿ ಒಮ್ಮೆ ಕೂಗಿದರೆ ಏಳೆಂಟು ಸಲ ಮರುದನಿ ಬರುತ್ತದೆ. ನಮ್ಮ ಗಲ್ಲಿಯಲ್ಲಿ ಒಂದೇ ಬಂತು, ಅದೂ ಎದುರುಮನೆ ಕಾಕಾನಿಂದ: "ಯಾರ್ದು ಕುತ್ತಿಗಿ ಹಿಚಕಾಕತ್ತೀರಿ?"

ಎರಡು ನಿಮಿಷಕ್ಕೆ ಸದ್ದು ನಿಂತಿತು. ಮರುದಿನ ಮತ್ತೆ ಅದೇ ಕಥೆ.

ಇಲಿ ಹೊಕ್ಕಿದೆ ಅಂದರು ಕಾಕಾ. ಹೆಂಡತಿ ಬ್ರೇಕು ಅಂದಳು. ನಿಂತ ಗಾಡಿಯಲ್ಲಿ ಬ್ರೇಕ್ ಯಾಕೆ ಒದರುತ್ತದೆ ಅಂತ ಕೇಳಿದೆ. "ನೀವೂ ಕುಂತಲ್ಲೇ ಒದರ್ತೀರಲ್ರಿ" ಅಂದಳು. ಬಾಗಲಕೋಟೆಯ ಭಾವ ಫೋನಿನಲ್ಲೇ ಪರೀಕ್ಷೆ ಮಾಡಿ, ಮಾರಿಬಿಡು ಅಂದ.

ಕೊನೆಗೆ ಗ್ಯಾರೇಜಿಗೆ ಹೋದೆ. ಅಲ್ಲಿ ಕಾರು ಕನ್ಯಾ ನೋಡಲು ಹೋದ ವರನಷ್ಟು ಸಭ್ಯ. ಚೂರೂ ಸದ್ದಿಲ್ಲ.

"ಹೆಂಗ ಒದರತೈತಿ, ಮಾಡಿ ತೋರಸ್ರಿ" ಅಂದ ಮಿಸ್ತ್ರಿ.

ಪಕ್ಕದಲ್ಲೇ ಚಹಾದಂಗಡಿ. ನಾಲ್ಕು ಜನ ಕೂತಿದ್ದರು. ಸಣ್ಣಗೆ "ಕೀ" ಅಂದೆ.

"ಉದ್ದಕ್ಕೋ, ಗಿಡ್ಡಕ್ಕೋ?"

ಇದು ತಮಾಷೆಯ ಪ್ರಶ್ನೆಯಲ್ಲ ಅಂತ ಆಮೇಲೆ ಗೊತ್ತಾಯಿತು. ಉದ್ದಕ್ಕೆ ಚೀರಿದರೆ ಇಂಜಿನ್ನಿನ ರಬ್ಬರ್ ಬೆಲ್ಟ್ ಸಡಿಲಾಗಿ, ತಾನು ಸುತ್ತಿಕೊಂಡ ಗಾಲಿಯ, ಅಂದರೆ ಪುಲ್ಲಿಯ ಮೇಲೆ ಜಾರುತ್ತಿದೆ ಅಂತ. ಗುಬ್ಬಿಯ ಹಾಗೆ ಚಿಂವ್ ಚಿಂವ್ ಅಂದರೆ ಪುಲ್ಲಿಗಳು ಒಂದೇ ಸಾಲಿನಲ್ಲಿಲ್ಲ. ಗರಗರ ಅಂದರೆ ಬೇರಿಂಗ್ ಹೋಗಿರಬಹುದು. ನನ್ನದು ಯಾವ ರಾಗ ಅನ್ನುವುದರ ಮೇಲೆ ಖರ್ಚು ನಿಂತಿತ್ತು. ನಾಚಿಕೆ ಬಿಟ್ಟು ಉದ್ದಕ್ಕೆ ಎಳೆದೆ.

"ಎಸಿ ಹಚ್ಚಿದ್ರ?"

ಎಸಿಯ ಕಂಪ್ರೆಸರನ್ನೂ ಅದೇ ಬೆಲ್ಟ್ ತಿರುಗಿಸಬೇಕು, ಭಾರ ಹೆಚ್ಚಾದರೆ ಜಾರುವುದೂ ಜಾಸ್ತಿ. ಹಾಗಾಗಿ ಇನ್ನೊಂದು ಸ್ವರ ಮೇಲೇರಿಸಿದೆ. ಬಸಿಯಲ್ಲಿ ಚಹಾ ಹಿಡಿದವರು ಹಾಗೇ ಕೂತುಬಿಟ್ಟರು. ಅವರಲ್ಲೊಬ್ಬ, "ನಮ್ಮ ಟ್ರ್ಯಾಕ್ಟರಂದು ಹಿಂಗಲ್ರಿ" ಅಂತ ಎದ್ದು ತನ್ನದನ್ನೂ ಹಾಡಿದ. ಸುಳ್ಳು ಯಾಕೆ, ಅವನ ಗಂಟಲು ನನಗಿಂತ ಚೆನ್ನಾಗಿತ್ತು.

"ಇಂಜಿನ್ ತಣ್ಣಗಾದಾಗ ಕೇಳಬೇಕ್ರಿ. ರಾತ್ರಿ ಇಲ್ಲೇ ಇರಲಿ" ಅಂದ ಮಿಸ್ತ್ರಿ.

ಮರುದಿನ ಆರೂವರೆಗೆ ಫೋನ್ ಬಂತು. ನಿದ್ದೆಗಣ್ಣಲ್ಲಿ ಎತ್ತಿದರೆ ಸ್ಪೀಕರ್ ಒತ್ತಿಬಿಟ್ಟಿತು.

"ಸರ್, ಸಿಕ್ಕೈತಿ! ಬೆಲ್ಟಿಗೆ ನೀರ್ ಚಿಮುಕ್ಸಿದೆ. ಸದ್ದು ಇನ್ನೂ ಜಾಸ್ತಿ ಆತು. ಅಂದ್ರ ಬೆಲ್ಟ್ ಢಿಲ್ಲ ಆಗೇತಿ. ಗಾಡಿ ಈಗ ಬಂದ್ ಮಾಡೇನಿ, ಒದರಿದ್ದು ನಾನ ಮಾಡಿ ತೋರಸ್ತೀನಿ, ಇದ ಹೌದಿಲ್ಲೋ ಹೇಳ್ರಿ." ಆಮೇಲೆ ಉಸಿರು ಎಳೆದುಕೊಂಡ ಸದ್ದು. "ಕೀಈಈಈಈ!"

"ಹಾಂ, ಇದ" ಅಂದೆ.

ಹೆಂಡತಿ ಕಂಬಳಿಯಿಂದ ಮುಖ ಹೊರಗೆ ಹಾಕಿದಳು. "ಯಾರ್ರೀ ಅದು, ಇಷ್ಟೊತ್ತಿಗೆ?"